ದೂರದ ಟ್ರಿಪ್: ಕಣ್ಣಿಗೆ ನಿದ್ದೆ, ತಲೆಗೆ ಪದ

ಈ ಸಲದ ಪ್ರಶ್ನೆಗಳೆಲ್ಲ ಲಾರಿ ಚಾಲಕರು ಮತ್ತು ಅವರ ಮನೆಯವರಿಂದ ಬಂದವು. ದೂರದ ರಸ್ತೆ ತಲೆಯನ್ನು ಚುರುಕು ಮಾಡುತ್ತದೆಯೋ, ಮೈಯನ್ನು ಹಿಂಡಿಹಾಕುತ್ತದೆಯೋ ಎಂಬುದು ಹೆಚ್ಚಿನವರ ಕೇಳಿಕೆ. ಎರಡೂ ಹೌದು. ಯಾವುದು ಮೇಲಾಗುತ್ತದೆ ಎನ್ನುವುದು ಗಾಡಿ ಓಡುವಾಗಲ್ಲ, ನಿಂತಾಗ ನೀವೇನು ಮಾಡುತ್ತೀರಿ ಎನ್ನುವುದರ ಮೇಲಿದೆ.

ಪ್ರಶ್ನೆ: ಹನ್ನೆರಡು ಚಕ್ರದ ಗಾಡಿ, ಬೆಂಗಳೂರು–ಮುಂಬೈ ಲೈನು. ಶಿರಾ ದಾಟಿ ರಸ್ತೆ ನೇರ ಆಗ್ತಿದ್ದ ಹಾಗೆ ತಲೇಲಿ ಪದ ಹುಟ್ಟುತ್ತೆ, ಹಾಡು ಕಟ್ಕೊಳ್ಳುತ್ತೆ. ಧಾಬಾದಲ್ಲಿ ಇಳಿದು ಬರೆಯೋಣ ಅಂದ್ರೆ ಒಂದು ಸಾಲೂ ನೆನಪಿರಲ್ಲ. ಇದಕ್ಕೇನಾದ್ರೂ ಉಪಾಯ ಇದೆಯಾ ಸಾರ್?
(ಚಾಲಕರು, ಹಿರಿಯೂರು ತಾಲ್ಲೂಕು)

ಉತ್ತರ: ಇದೆ. ಆದರೆ ಅದು ಶಿರಾ ದಾಟಿದ ಮೇಲೇ ಯಾಕೆ ಹುಟ್ಟುತ್ತದೆ ಎನ್ನುವುದನ್ನು ಮೊದಲು ನೋಡಿ. ನೆಲಮಂಗಲದಿಂದ ತುಮಕೂರಿನವರೆಗೆ ಪಕ್ಕದಲ್ಲಿ ಬೈಕು, ಹಿಂದೆ ಬಸ್ಸು, ಸರ್ವಿಸ್ ರಸ್ತೆಯಿಂದ ನುಗ್ಗುವ ಕಾರು, ತಲೆಗೆ ಬಿಡುವಿಲ್ಲ. ರಸ್ತೆ ನೇರವಾದ ಮೇಲೆ ಕೈಕಾಲಿನ ಕೆಲಸ ಅಭ್ಯಾಸಬಲದಿಂದ ನಡೆಯುತ್ತದೆ. ಗಮನದಲ್ಲಿ ಒಂದಿಷ್ಟು ಉಳಿಯುತ್ತದೆ, ಆ ಉಳಿಕೆಯಲ್ಲಿ ಹಳೆಯ ನೆನಪು, ಹೊಸ ಪದ ಒಂದಕ್ಕೊಂದು ತಾಗುತ್ತವೆ. ಪಾತ್ರೆ ತಿಕ್ಕುವಾಗ, ಸ್ನಾನ ಮಾಡುವಾಗ ಏನೋ ಹೊಳೆಯುವುದೂ ಹೀಗೆಯೇ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನಡುವೆ ಸುಲಭದ ಕೆಲಸ ಮಾಡಿದವರಿಗೆ ಕಷ್ಟದ ಕೆಲಸ ಮಾಡಿದವರಿಗಿಂತ, ಸುಮ್ಮನೆ ಕೂತವರಿಗಿಂತ ಹೆಚ್ಚು ಹೊಸ ಯೋಚನೆಗಳು ಬಂದವು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲೆಲ್ಲ ಅದೇ ಫಲ ಸಿಕ್ಕಿಲ್ಲ. ಹಾಗಾಗಿ ಇದನ್ನು ವೇದವಾಕ್ಯ ಅಂದುಕೊಳ್ಳಬೇಡಿ.

ಪಾತ್ರೆ ತಿಕ್ಕುವವರು ಮೈಮರೆತರೆ ಹೆಚ್ಚೆಂದರೆ ಒಂದು ಲೋಟ ಒಡೆಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ನಿಮ್ಮ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತದೆ. ಆದ್ದರಿಂದ ಓಡಿಸುತ್ತ ಪೂರ್ತಿ ಹಾಡು ಕಟ್ಟಬೇಡಿ, ಕೊಕ್ಕೆ ಮಾತ್ರ ಹಾಕಿಕೊಳ್ಳಿ. ಒಂದು ಸಾಲಿಗೆ ಒಂದೇ ಪದ, ಆ ಪದವನ್ನು ಬಾಯಿಬಿಟ್ಟು ಎರಡು ಸಲ ಹೇಳಿ, ಒಂದು ಬೆರಳಿಗೆ ಕಟ್ಟಿ: ಹೆಬ್ಬೆರಳು 'ಹಗ್ಗ', ತೋರುಬೆರಳು 'ಮೊಗ್ಗು'. ನಾಲ್ಕು ಬೆರಳು ಸಾಕು. ಐದನೆಯದು ಬಂದರೆ ಮೊದಲನೆಯದು ಜಾರುತ್ತದೆ.

ಇಲ್ಲಿ ಕನ್ನಡದ ಹಳೆಯ ಪ್ರಾಸ ಬಹಳ ಉಪಯೋಗಕ್ಕೆ ಬರುತ್ತದೆ. ಸಾಲಿನ ಕೊನೆಯಲ್ಲಲ್ಲ, ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಬರುವ ಆದಿಪ್ರಾಸ. ಹಗ್ಗ, ಮೊಗ್ಗು, ಅಗ್ಗ ಎಂದು ಸಾಲುಗಳು ಶುರುವಾದರೆ ಒಂದು ಸಿಕ್ಕಿದ ಕೂಡಲೇ ಉಳಿದವು ತಾವಾಗಿ ಬಾಯಿಗೆ ಬರುತ್ತವೆ. ತ್ರಿಪದಿಗಳು ಓದುಬರಹ ಇಲ್ಲದವರ ನಾಲಿಗೆಯ ಮೇಲೂ ಉಳಿದುಕೊಂಡು ಬಂದದ್ದಕ್ಕೆ ಇದೂ ಒಂದು ಕಾರಣ.

ಧಾಬಾದಲ್ಲಿ ಮರೆತುಹೋಗುವುದು ನಿಮ್ಮ ನೆನಪಿನ ದೋಷವಲ್ಲ, ಕ್ರಮದ ದೋಷ. ಇಳಿದ ಕೂಡಲೇ ಓನರಿಗೆ ಫೋನು, ಚಹಾಕ್ಕೆ ಕೂಗು, ಪಕ್ಕದ ಗಾಡಿಯವರ ಜೊತೆ ಮಾತು; ಮೊದಲ ಮಾತಿಗೇ ಪದ ಅಳಿಸಿಹೋಗುತ್ತದೆ. ಕ್ರಮ ಹೀಗಿರಲಿ: ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಇಂಜಿನ್ ಆಫ್, ಆಮೇಲೆ ಕ್ಯಾಬಿನ್ನಿನಲ್ಲೇ ಕೂತು ಫೋನಿನ ರೆಕಾರ್ಡರಿಗೆ ಅರ್ಧ ನಿಮಿಷ ಹೇಳಿ. ಬಾಗಿಲು ತೆರೆಯುವುದು ಅದಾದ ಮೇಲೆ. ಓಡಿಸುತ್ತ ಫೋನು ಕೈಗೆತ್ತಿಕೊಳ್ಳುವ ಮಾತೇ ಬೇಡ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅದು ಅಪಾಯಕಾರಿ ಚಾಲನೆಯ ಲೆಕ್ಕಕ್ಕೆ ಬರುತ್ತದೆ.

ಖಂಬಾಟ್ಕಿ ಘಾಟಿ, ಖಂಡಾಲಾ ಇಳಿಜಾರು, ಊರೊಳಗಿನ ರಸ್ತೆಯಲ್ಲಿ ಪದವೂ ಬೇಡ, ಹಾಡೂ ಬೇಡ. ಅಲ್ಲಿ ಕಿವಿ ಎಕ್ಸಾಸ್ಟ್ ಬ್ರೇಕಿನ ಸದ್ದಿನ ಮೇಲೆ, ಮೂಗು ಬ್ರೇಕ್ ಲೈನರಿನ ವಾಸನೆಯ ಮೇಲೆ ಇರಬೇಕು. ನೇರ ರಸ್ತೆಯಲ್ಲೂ ಆಗಾಗ ಒಂದು ಪರೀಕ್ಷೆ ಮಾಡಿಕೊಳ್ಳಿ: ಈಗ ದಾಟಿದ ಊರಿನ ಬೋರ್ಡು ಯಾವುದು? ಹೇಳಲಾಗದಿದ್ದರೆ ತಲೆಯಲ್ಲಿ ಓಡುತ್ತಿದ್ದುದು ಕವಿತೆಯಲ್ಲ, ನಿದ್ದೆ. ಮುಂದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ.

ಪ್ರಶ್ನೆ: ರಾತ್ರಿ ಮೂರರಿಂದ ಐದರ ತನಕ ಕಣ್ಣ ಎಳಿತಾವ್ರಿ. ಚಾ ಕುಡದ್ರೂ, ಮುಖಕ್ಕ ನೀರ ಹೊಡಕೊಂಡ್ರೂ, ಗುಟ್ಕಾ ಹಾಕ್ಕೊಂಡ್ರೂ ಹತ್ತು ನಿಮಿಷ ಅಷ್ಟ. ಏನ ಮಾಡಬೇಕ್ರಿ?
(ಚಾಲಕರು, ವಿಜಯಪುರ)

ಉತ್ತರ: ಮಲಗಬೇಕು. ನೀರು, ಗಾಳಿ, ಗುಟ್ಕಾ ಎಚ್ಚರ ಕೊಡುವುದಿಲ್ಲ, ಒಂದು ಗಳಿಗೆ ಗಾಬರಿ ಕೊಡುತ್ತವೆ. ಬೆಳಗಿನ ಜಾವ ಎರಡರಿಂದ ಐದು ಮತ್ತು ಮಧ್ಯಾಹ್ನ ಒಂದರಿಂದ ಮೂರು ಗಂಟೆಯ ಹೊತ್ತಿಗೆ ಮೈಯ ಗಡಿಯಾರವೇ ಇಳಿಮುಖವಾಗಿರುತ್ತದೆ. ಹಿಂದಿನ ದಿನ ಸರಿಯಾಗಿ ಮಲಗದಿದ್ದರೆ ಆ ಇಳಿತ ಇನ್ನೂ ಆಳ. ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಚುರುಕು ರಕ್ತದಲ್ಲಿ ಶೇ 0.05 ಮದ್ಯ ಇದ್ದವರಷ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ಅಳೆದು ತೋರಿಸಿದ್ದಾರೆ. ನಮ್ಮ ಕಾನೂನಿನ ಮಿತಿ ಶೇ 0.03. ಬೆಳಗ್ಗೆ ಹತ್ತಕ್ಕೆ ಎದ್ದವರು ರಾತ್ರಿ ಮೂರಕ್ಕೆ ಒಂದು ಹನಿ ಕುಡಿಯದೆಯೂ ಆ ಮಿತಿ ದಾಟಿದ ಹಾಗೆಯೇ.

ಮಲಗುವುದಕ್ಕೂ ಒಂದು ವಿಧಾನವಿದೆ. ರಸ್ತೆ ಅಂಚಿನಲ್ಲಿ ಇಂಡಿಕೇಟರ್ ಹಾಕಿ ನಿಲ್ಲಿಸಬೇಡಿ, ಹಿಂದಿನಿಂದ ಬರುವವನೂ ನಿಮ್ಮಷ್ಟೇ ನಿದ್ದೆಗಣ್ಣಿನಲ್ಲಿರುತ್ತಾನೆ. ಬಂಕು, ಧಾಬಾದ ಅಂಗಳ, ಲಾರಿ ನಿಲ್ಲಿಸಲೆಂದೇ ಬಿಟ್ಟ ಜಾಗ ಹುಡುಕಿ. ಚಕ್ರಕ್ಕೆ ಕಲ್ಲಿನ ಬದಲು ಮರದ ಅಡೆ ಕೊಡಿ (ಎದ್ದ ಮೇಲೆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವುದು ನಮ್ಮಲ್ಲಿ ದೊಡ್ಡ ರೋಗ). ಒಂದು ಲೋಟ ಕಾಫಿ, ಇಲ್ಲವೇ ಎರಡು ಕಪ್ ಸ್ಟ್ರಾಂಗ್ ಚಹಾ ಬೇಗ ಕುಡಿದು ಕೂಡಲೇ ಒರಗಿ. ಕೆಫೀನ್ ಮೈಗೆ ಹತ್ತಲು 20–30 ನಿಮಿಷ ಬೇಕು, ನೀವು ಏಳುವಾಗ ಅದೂ ಎದ್ದಿರುತ್ತದೆ. ಅಲಾರಂ 20 ನಿಮಿಷಕ್ಕೆ. ಮುಕ್ಕಾಲು ಗಂಟೆ ಮಲಗಿದರೆ ಗಾಢ ನಿದ್ದೆಯ ನಡುವೆ ಏಳುತ್ತೀರಿ, ತಲೆ ಮೊದಲಿಗಿಂತ ಭಾರ. 'ಮಲಗಿ ಎದ್ದ ಮೇಲೆ ಇನ್ನೂ ಸುಸ್ತು' ಎನ್ನುವವರೆಲ್ಲ ಇಲ್ಲೇ ಎಡವುವುದು. ಹೆಚ್ಚು ಹೊತ್ತು ಸಿಗುವುದಾದರೆ ನೇರ ಒಂದೂವರೆ ಗಂಟೆ ಮಲಗಿ.

ಎದ್ದ ಕೂಡಲೇ ಸೆಲ್ಫ್ ಹೊಡೆಯಬೇಡಿ. ರಾಡು ಹಿಡಿದು ಗಾಡಿಗೆ ಎರಡು ಸುತ್ತು ಬನ್ನಿ, ಟೈರಿಗೆ ಬಡಿದು ಕೇಳಿ. ಗಾಳಿ ಇದ್ದದ್ದು ಟಣ್ ಎಂದು ರಾಡನ್ನು ತಿರುಗಿ ನೂಕುತ್ತದೆ, ಇಳಿದದ್ದು ಧಪ್ ಎಂದು ನುಂಗಿಕೊಳ್ಳುತ್ತದೆ. ಜೋಡಿ ಟೈರಿನಲ್ಲಿ ಒಳಗಿನದನ್ನು ಬಿಡಬೇಡಿ. ಬಡಿತ ಪೂರ್ತಿ ಗಾಳಿ ಹೋದದ್ದನ್ನು ಹೇಳುತ್ತದೆ, ಹತ್ತು–ಹದಿನೈದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾದದ್ದನ್ನಲ್ಲ. ಅದಕ್ಕೆ ಗೇಜೇ ಬೇಕು. ಅಷ್ಟು ಹೊತ್ತಿಗೆ ಮಂಪರು ಇಳಿದಿರುತ್ತದೆ.

ಇನ್ನೆರಡು ಎಚ್ಚರ. ಎಸಿ ಕ್ಯಾಬಿನ್ ಇರುವವರು (2025ರಲ್ಲಿ ಜಾರಿಗೆ ಬಂದ ನಿಯಮದಂತೆ 3.5 ಟನ್ ಮೀರಿದ ಹೊಸ ಸರಕು ವಾಹನಗಳಿಗೆ ಎಸಿ ಕಡ್ಡಾಯ) ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿ ಮರೆಯಬೇಡಿ. ಇಬ್ಬರು ಉಸಿರಾಡುವ ಮುಚ್ಚಿದ ಪೆಟ್ಟಿಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ತೂಕಡಿಕೆ ಬರುತ್ತದೆ. ಅರ್ಧ ಗಂಟೆಗೊಮ್ಮೆ ಹೊರಗಾಳಿ ಬಿಡಿ. ಇಂಜಿನ್ ಓಡಿಸಿಟ್ಟು ಮಲಗುವುದಂತೂ ಬೇಡವೇ ಬೇಡ. ಸೈಲೆನ್ಸರಿನಲ್ಲಿ ಸಣ್ಣ ತೂತಿದ್ದರೂ ಹೊಗೆಯ ವಿಷ ವಾಸನೆಯಿಲ್ಲದೆ ಒಳಬರುತ್ತದೆ. ಮತ್ತೆ, ಬೆಳಗ್ಗೆ ಆರಕ್ಕೆ ಗಾಡಿ ನಿಲ್ಲಿಸಿ ಮಲಗುವವರು ಮೂರರ ಕಾಫಿ ಬಿಡಬೇಕು. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ಗಂಟೆಯ ನಂತರವೂ ಮೈಯಲ್ಲಿರುತ್ತದೆ.

ಮೊದಲ ಪ್ರಶ್ನೆ ಕೇಳಿದ ಹಿರಿಯೂರಿನವರಿಗೂ ಇಲ್ಲೊಂದು ಮಾತಿದೆ. ಎಚ್ಚರ ಜಾರಿ ನಿದ್ದೆ ಹತ್ತುವ ಮೊದಲ ಗಳಿಗೆ ಹೊಸದು ಹೊಳೆಯುವ ಗಳಿಗೆ. 2021ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಆ ಹಗುರ ನಿದ್ದೆಯಲ್ಲಿ ಕನಿಷ್ಠ 15 ಸೆಕೆಂಡು ಇದ್ದವರಲ್ಲಿ ಶೇ 83ರಷ್ಟು ಮಂದಿ ಲೆಕ್ಕದೊಳಗೆ ಅಡಗಿಸಿಟ್ಟ ಸುಲಭದ ದಾರಿಯನ್ನು ಕಂಡುಹಿಡಿದರು. ಎಚ್ಚರವೇ ಇದ್ದವರಲ್ಲಿ ಶೇ 30. ಇನ್ನೂ ಆಳಕ್ಕೆ ಇಳಿದವರಿಗೆ ಆ ಲಾಭ ಸಿಗಲಿಲ್ಲ. ಮಧ್ಯಾಹ್ನ ಲೋಡಿಗೆ ಕಾಯುವಾಗ, ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದರೆ, ಕೈಯಲ್ಲಿ ಗಾಡಿಯ ಕೀ ಗೊಂಚಲು ಸಡಿಲವಾಗಿ ಹಿಡಿದು ಒರಗಿ. ನಿದ್ದೆ ಹತ್ತಿದೊಡನೆ ಬೆರಳು ಸಡಿಲವಾಗಿ ಕೀ ಬೀಳುತ್ತದೆ. ಆಗ ತಲೆಯಲ್ಲಿದ್ದುದನ್ನು ಕೂಡಲೇ ರೆಕಾರ್ಡ್ ಮಾಡಿ. ನಿದ್ದೆ ಬಾಕಿ ಇರುವ ದಿನ ಈ ಆಟ ಆಡಬೇಡಿ.

ಪ್ರಶ್ನೆ: ತಮ್ಮ ದೆಹಲಿ ಲೈನಿನಲ್ಲಿದ್ದಾನೆ. ಹೋಟೆಲ್ ಊಟ ಉಂಡರೆ ಮಧ್ಯಾಹ್ನ ಗಾಡಿ ಓಡಿಸೋಕೆ ಆಗಲ್ಲ ಅಂತಾನೆ. ಏನು ಕಟ್ಟಿಕೊಡಲಿ?
(ಓದುಗರು, ದಾವಣಗೆರೆ)

ಉತ್ತರ: ಕಡಕ್ ಜೋಳದ ರೊಟ್ಟಿ 25–30. ಪೂರ್ತಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ಟ್ರಿಪ್ ಮುಗಿಯುವವರೆಗೆ ಕೆಡುವುದಿಲ್ಲ. ಬಿಸಿ ಇರುವಾಗ ಡಬ್ಬಿ ಮುಚ್ಚಿದರೆ ಬೆವರಿ ಬೂಸಲು ಬರುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ ಕಾಲು ಕಿಲೋ, ಅಗಸೆ ಚಟ್ನಿಪುಡಿ ಅಷ್ಟೇ. ಮಧ್ಯಾಹ್ನ ಎರಡು ರೊಟ್ಟಿ, ಧಾಬಾದಲ್ಲಿ ಸಿಗುವ ಬೇಳೆ, ಮೊಸರು, ಹಸಿ ಈರುಳ್ಳಿ. ಅನ್ನ ರಾತ್ರಿ ಗಾಡಿ ನಿಲ್ಲಿಸಿದ ಮೇಲೆ. ಹೊಟ್ಟೆ ಬಿರಿಯ ಅನ್ನ ಉಂಡು ಎರಡು ಗಂಟೆಗೆ ಸ್ಟಿಯರಿಂಗ್ ಹಿಡಿದರೆ ಊಟದ ಮಂಪರು, ಮೈಯ ಇಳಿಹೊತ್ತು ಎರಡೂ ಒಟ್ಟಿಗೆ ಬರುತ್ತವೆ. ನಡುವೆ ಬಾಯಾಡಿಸಲು ಹುರಿಗಡಲೆ, ಶೇಂಗಾ.

ನೀರಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳಿ. ಇಳಿಯಬೇಕಾಗುತ್ತದೆ ಎಂದು ನೀರನ್ನೇ ಬಿಡುವ ಚಾಲಕರು ಬಹಳ. ತಲೆನೋವು, ಸಿಡುಕು, ಮುಂದೆ ಮೂತ್ರಪಿಂಡದ ಕಲ್ಲು, ಎಲ್ಲಕ್ಕೂ ಇದು ದಾರಿ. ದಿನಕ್ಕೆ ಮೂರು ಲೀಟರ್, ಬೇಸಿಗೆಯಲ್ಲಿ ನಾಲ್ಕು. ಎರಡು ಗಂಟೆಗೊಮ್ಮೆ ಇಳಿಯುವಂತಾದರೆ ಕಾಲಿಗೂ ಒಳ್ಳೆಯದೇ.

ಪ್ರಶ್ನೆ: ಗಾಡಿ ಹಿಂದೆ ನಾನೇ ಬರೆಯಬೇಕು ಅಂತಿದೆ, ಎಲ್ಲರ ಹಾಗೆ ಅದೇ ಹಳೇದು ಬೇಡ. ಹೇಗೆ?
(ಚಾಲಕ–ಮಾಲೀಕರು, ಚಳ್ಳಕೆರೆ)

ಉತ್ತರ: ಒಳ್ಳೆಯ ಆಸೆ. 'ಹಾರ್ನ್ ಓಕೆ ಪ್ಲೀಸ್' ಅನ್ನಂತೂ ಬಿಡಿ. ಸುಮ್ಮನೆ ಹಾರ್ನ್ ಹೊಡೆಯಲು ಹುರಿದುಂಬಿಸುತ್ತದೆಂದು ಮಹಾರಾಷ್ಟ್ರ 2015ರಲ್ಲೇ ಅದನ್ನು ನಿಷೇಧಿಸಿತು. ಹಿಂದಿನ ಹಲಗೆಯಲ್ಲಿ ಬರೆಯಲು ಸಿಗುವ ಅಗಲ ಏಳು ಅಡಿ. ಇಪ್ಪತ್ತು ಮೀಟರ್ ಹಿಂದಿರುವವನು ಸಲೀಸಾಗಿ ಓದಬೇಕಾದರೆ ಅಕ್ಷರ ಆರು ಇಂಚಿಗಿಂತ ಚಿಕ್ಕದಾಗಬಾರದು. ಕನ್ನಡ ಅಕ್ಷರ ದುಂಡಗೆ ಅಗಲಕ್ಕೂ ಅಷ್ಟೇ ಜಾಗ ಕೇಳುವುದರಿಂದ ನಡುವಿನ ಜಾಗ ಸೇರಿ 12–13 ಅಕ್ಷರಕ್ಕೆ ಸಾಲು ಮುಗಿಯಬೇಕು. ಒತ್ತಕ್ಷರ ಇದ್ದರೆ ಕೆಳಗೆ ಮತ್ತೆ ಮೂರು ಇಂಚು ಹೋಗುತ್ತದೆ. ಆದ್ದರಿಂದ ಒತ್ತಿಲ್ಲದ ಪದ ಹುಡುಕಿ. 'ನಿಧಾನ, ಮಗು ಮಲಗಿದೆ' ಎಂಬುದರಲ್ಲಿ ಒಂಬತ್ತೇ ಅಕ್ಷರ, ಒಂದೂ ಒತ್ತಿಲ್ಲ. ಇಷ್ಟು ಕಟ್ಟುಪಾಡಿನಲ್ಲಿ ಪದ ಹೊಂದಿಸುವುದೇ ಲೋಡಿಗೆ ಕಾಯುವ ಹೊತ್ತಿಗೆ ಆಗುವಷ್ಟು ಕೆಲಸ.

ಬರೆಯುವ ಮುಂಚೆ ಹಲಗೆಯ ಡೀಸೆಲ್ ಜಿಡ್ಡನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ. ಎನಾಮಲ್ ಸಿಪ್ಪೆ ಏಳುವುದು ಹೆಚ್ಚಾಗಿ ಈ ಜಿಡ್ಡಿನಿಂದ. ಉಜ್ಜುಕಾಗದ, ತಗಡಾದರೆ ರೆಡ್ ಆಕ್ಸೈಡ್ ಒಂದು ಕೋಟು, ಒಣಗಿದ ಮೇಲೆ ಹಿನ್ನೆಲೆಯ ಬಣ್ಣ. ಒಂದು ದಿನ ಬಿಟ್ಟು ಸುಣ್ಣದ ದಾರ ಮೀಟಿ ಮೇಲೆ ಕೆಳಗೆ ಗೆರೆ, ಚಾಕಿನಲ್ಲಿ ಅಕ್ಷರ, ಆಮೇಲೆ ಬ್ರಷ್. ಕಡುಬಣ್ಣದ ಮೇಲೆ ಹಳದಿ ಚೆನ್ನಾಗಿ ಕಾಣುತ್ತದೆ. ಬಿಸಿಲಿಗೆ ಕಾದ ತಗಡಿನ ಮೇಲೆ ಬರೆದರೆ ಬ್ರಷ್ಷಿನ ಗೆರೆ ಉಳಿಯುತ್ತದೆ, ಬೆಳಗ್ಗೆ ಹತ್ತರೊಳಗೆ ಮುಗಿಸಿ. ಕೆಂಪು ಪ್ರತಿಫಲನ ಪಟ್ಟಿ, ನಂಬರ್ ಪ್ಲೇಟು, ದೀಪಗಳ ಮೇಲೆ ಒಂದು ಹನಿಯೂ ಬೀಳಬಾರದು.

ಪ್ರಶ್ನೆ: ಒಬ್ಬನೇ ಡ್ರೈವರ್ ಇದ್ದರೆ ಬೆಂಗಳೂರು–ದೆಹಲಿ ಎಷ್ಟು ದಿನ ಕೊಡಬೇಕು?
(ಲಾರಿ ಮಾಲೀಕರು, ತುಮಕೂರು)

ಉತ್ತರ: ಸುಮಾರು 2,150 ಕಿ.ಮೀ. ಟೋಲು, ಊರು ಎಲ್ಲ ಸೇರಿ ಗಂಟೆಗೆ 45 ಕಿ.ಮೀ. ಸರಾಸರಿ ಬಿದ್ದರೆ ಹತ್ತು ಗಂಟೆಗೆ 450. ಐದು ದಿನ ಪೂರ್ತಿ ಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ ಎಂಟು ಗಂಟೆ, ದೂರದ ದಾರಿಗೆ ಅನುಮತಿ ಪಡೆದರೂ ಹತ್ತೇ ಗಂಟೆ, ಐದು ಗಂಟೆಯೊಳಗೆ ಅರ್ಧ ಗಂಟೆ ಬಿಡುವು ಎಂದು ಬರೆದಿತ್ತು. ನಾಲ್ಕು ದಿನಕ್ಕೆ ಬೇಕೆಂದರೆ ಇಬ್ಬರು ಡ್ರೈವರುಗಳನ್ನು ಹಾಕಿ, ಕ್ಲೀನರನ್ನು ಎರಡನೇ ಡ್ರೈವರ್ ಎಂದು ಎಣಿಸಬೇಡಿ. ಓಡುವ ಗಾಡಿಯ ಬರ್ತಿನಲ್ಲಿ ಆರು ಗಂಟೆ ಮಲಗಿದ್ದು ನಿಂತ ಗಾಡಿಯ ಆರು ಗಂಟೆಗೆ ಸಮವಲ್ಲ ಎಂಬುದೂ ಲೆಕ್ಕದಲ್ಲಿರಲಿ.

ಪ್ರಶ್ನೆ: ನಮ್ಮ ಮನೆಯವರು ಹನ್ನೆರಡು ದಿನದ ಟ್ರಿಪ್ ಮುಗಿಸಿ ಬಂದರೆ ಎರಡು ದಿನ ಬರೀ ನಿದ್ದೆ. ಎದ್ದರೂ ಸುಸ್ತು. ಮೊದಲು ತಮಟೆ ಬಾರಿಸುತ್ತಿದ್ದರು, ಈಗ ಅದನ್ನು ಮುಟ್ಟುವುದೇ ಇಲ್ಲ. ಗೊರಕೆ ಬೇರೆ ಬಹಳ.
(ಗೃಹಿಣಿ, ಹಾಸನ ಜಿಲ್ಲೆ)

ಉತ್ತರ: ಮೊದಲ ದಿನ ಹತ್ತು ಗಂಟೆ ಮಲಗಿದರೆ ಸಹಜ, ನಿದ್ದೆಯ ಸಾಲ ತೀರಿಸುತ್ತಿದ್ದಾರೆ ಅಷ್ಟೇ. ಎರಡನೆಯ ದಿನವೂ ಸುಸ್ತು ಇಳಿಯದಿದ್ದರೆ ಗೊರಕೆಯ ಕಡೆ ನೋಡಬೇಕು. ಗೊರಕೆ ಜೋರಾಗಿ ಸಾಗಿ, ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಉಸಿರೇ ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರೆಯೇ? ಬೆಳಗ್ಗೆ ತಲೆನೋವು, ಬಾಯಿ ಒಣಗುವುದು ಇದೆಯೇ? ಹಾಗಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಎಂಟು ಗಂಟೆ ಮಲಗಿದರೂ ಮಿದುಳು ರಾತ್ರಿಯಿಡೀ ಎದ್ದೆದ್ದು ಕೂತಿರುತ್ತದೆ, ಮೇಲೆ ಹೇಳಿದ 20 ನಿಮಿಷದ ಉಪಾಯ ಇದಕ್ಕೆ ಸಾಲದು. ಇದಕ್ಕೆ ಚಿಕಿತ್ಸೆ ಇದೆ, ಮತ್ತು ಚಾಲಕರಿಗೆ ಇದು ತಡಮಾಡುವ ವಿಷಯವಲ್ಲ. ರಾತ್ರಿ ಮಲಗಿದ ಎರಡು ಗಂಟೆಯ ನಂತರ ಅವರ ಗೊರಕೆಯನ್ನು ನಿಮ್ಮ ಫೋನಿನಲ್ಲಿ ಐದು ನಿಮಿಷ ವಿಡಿಯೊ ಮಾಡಿ, ಎದೆ ಏರಿಳಿಯುವುದು ಕಾಣುವಂತೆ. ಕಿವಿ–ಮೂಗು–ಗಂಟಲು ವೈದ್ಯರಿಗೆ ಅಥವಾ ಶ್ವಾಸಕೋಶದ ವೈದ್ಯರಿಗೆ ಅದನ್ನೇ ಮೊದಲು ತೋರಿಸಿ. ಜೊತೆಗೆ ಸಕ್ಕರೆ, ರಕ್ತದೊತ್ತಡದ ಪರೀಕ್ಷೆಯೂ ಆಗಲಿ. ಪರೀಕ್ಷೆಯ ಫಲ ಬರುವವರೆಗೆ ರಾತ್ರಿ ಲೋಡು ಒಪ್ಪಿಕೊಳ್ಳುವುದು ಬೇಡ ಎಂದು ಹೇಳಿ.