ಪುಟ್ಟಿ, ಪ್ಲೇ ಹೋಮ್ ಮತ್ತು ಅಜ್ಜಿಯ ಮಂಡಿನೋವು

ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಈ ಪ್ರಕರಣ ಬರೆಯುತ್ತಿದ್ದೇನೆ. ಮಗುವನ್ನು ಪುಟ್ಟಿ ಎಂದು ಕರೆಯೋಣ.

ಮೈಸೂರಿನವರು. ಗಂಡನಿಗೆ ಕಂಪನಿ ಕೆಲಸ. ಹೆಂಡತಿ ಹೆರಿಗೆಯ ನಂತರ ಆಫೀಸು ಬಿಟ್ಟು ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತಿದ್ದರು. ಜೊತೆಯಲ್ಲಿ ಗಂಡನ ತಾಯಿ. ನನ್ನ ಹತ್ತಿರ ಸಲಹೆಗೆ ಬಂದಿದ್ದು ಫೆಬ್ರುವರಿಯಲ್ಲಿ, ಅಡ್ಮಿಷನ್ ಗಡಿಬಿಡಿ ಜೋರಾಗಿದ್ದಾಗ. ಪುಟ್ಟಿಗೆ ಆಗ ಎರಡೂವರೆ ವರ್ಷ. ಸ್ವಲ್ಪ ದೂರದ ಒಂದು ಪ್ರಿಸ್ಕೂಲ್‌ನವರು ‘ಸೀಟು ಮುಗಿಯುತ್ತಾ ಬಂತು, ಈ ವಾರವೇ ಅಡ್ವಾನ್ಸ್ ಕಟ್ಟಿ’ ಎಂದಿದ್ದರಂತೆ. ಮನೆಯಲ್ಲಿ ಅದೇ ಜಗಳ.

“ಪಕ್ಕದ ಮನೆ ಹುಡುಗ ಇವಳಿಗಿಂತ ಒಂದು ತಿಂಗಳು ಚಿಕ್ಕೋನು ಮೇಡಂ. ರೈಮ್ಸ್ ಹೇಳ್ತಾನೆ, ಎಬಿಸಿಡಿ ಹೇಳ್ತಾನೆ. ಇವಳು ಹಿಂದೆ ಬಿದ್ಬಿಡ್ತಾಳೆ ಅಂತ ಭಯ” ಎಂದರು ಅಪ್ಪ.

“ಮೂರು ತುಂಬಲಿ, ಆಮೇಲೆ ನೋಡಾನ. ಇಷ್ಟು ಎಳೇ ಕೂಸ್ನ ಯಾರಾದ್ರೂ ವ್ಯಾನಿಗೆ ಹತ್ತಿಸ್ತಾರಾ?” ಎಂದರು ಅಜ್ಜಿ.

ಅಮ್ಮ ಏನೂ ಹೇಳಲಿಲ್ಲ. ಮಗುವಿನ ವಿಷಯದಲ್ಲಿ ಅಮ್ಮ ಸುಮ್ಮನೆ ಕೂತರೆ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿ ಮಾತಾಡಿದೆ.

ಅಮ್ಮನಿಗೆ ಜೂನ್‌ನಿಂದ ಆಫೀಸಿಗೆ ಬರಲು ಕರೆ ಬಂದಿತ್ತು. “ಕೆಲಸದ ಆಸೆಗೆ ಮಗೂನ ಸ್ಕೂಲಿಗೆ ತಳ್ತಾಳೆ ಅಂತಾರೆ ಅಂತ ಬಾಯಿ ಬಿಡಲಿಲ್ಲ” ಎಂದರು. ಅಜ್ಜಿಯದು ಇನ್ನೊಂದು ಸಂಕಟ. “ಮಂಡಿ ನೋವಮ್ಮ. ಮಧ್ಯಾಹ್ನ ಸೊಸೆ ರೂಮಲ್ಲಿ ಕೆಲಸ ಮಾಡ್ತಿರ್ತಾಳೆ. ನಂಗೆ ಇವಳ ಹಿಂದೆ ಓಡಕ್ಕಾಗಲ್ಲ. ಮೊಬೈಲ್ ಕೊಟ್ಬಿಡ್ತೀನಿ.” ದಿನಾ ಎರಡು ಮೂರು ಗಂಟೆ. ಇದು ಸೊಸೆಗೂ ಗೊತ್ತಿರಲಿಲ್ಲ, ಮಗನಿಗೂ ಗೊತ್ತಿರಲಿಲ್ಲ.

ಈ ಹೊತ್ತಿಗೆ ಪುಟ್ಟಿ ಅಜ್ಜಿಯ ಸೆರಗು ಬಿಟ್ಟು ನನ್ನ ಮೇಜಿನ ಕೆಳಗಿದ್ದ ಡಬ್ಬಿಗಳ ಹತ್ತಿರ ಬಂದಿದ್ದಳು. ಮುಚ್ಚಳ ತೆಗೆದು, ಚಿಕ್ಕ ಡಬ್ಬಿಯನ್ನು ದೊಡ್ಡದರೊಳಗೆ ಇಟ್ಟಳು. ಹಿಡಿಸದೇ ಹೋದಾಗ ಬೇರೆ ಡಬ್ಬಿ ಹುಡುಕಿದಳು. ‘ಕೆಂಪು ಮುಚ್ಚಳ ಅಜ್ಜಿಗೆ ಕೊಡು’ ಎಂದೆ. ಕೊಟ್ಟು ಬಂದಳು. ‘ಅಜ್ಜಿ ಬಾ’, ‘ನೀರು ಬೇಕು’ ಎಂದು ಎರಡೆರಡು ಪದ ಕೂಡಿಸುತ್ತಿದ್ದಳು. ಹೇಳಿದ್ದು ಅರ್ಥವಾಗುತ್ತಿತ್ತು, ಕಣ್ಣಿಟ್ಟು ನೋಡುತ್ತಿದ್ದಳು. ಮಾತು ವಯಸ್ಸಿಗೆ ಸ್ವಲ್ಪ ಕಡಿಮೆ ಅನ್ನಿಸಿತು, ಅಷ್ಟೇ. ಆದರೂ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಕಿವಿ ಮತ್ತು ಮಾತು ಎರಡನ್ನೂ ತೋರಿಸಿಕೊಂಡು ಬನ್ನಿ ಎಂದೆ. 1965ರಿಂದ ಊರಲ್ಲೇ ಇಂಥ ಸಂಸ್ಥೆ ಇರುವಾಗ ಅನುಮಾನ ಇಟ್ಟುಕೊಂಡು ಕೂರುವುದು ಬೇಡ. ಮಾತು ಕಡಿಮೆ ಇರುವ ಮಗುವನ್ನು ‘ಸ್ಕೂಲಿಗೆ ಹೋದರೆ ಸರಿ ಹೋಗುತ್ತೆ’ ಎಂದು ಕಳಿಸುವವರು ಬಹಳ ಜನ. ಕಿವಿಯಲ್ಲಿ ತೊಂದರೆ ಇದ್ದರೆ ಸುಮ್ನೆ ಸಮಯ ಹೋಗುತ್ತದೆ.

ಮುಂದಿನ ಸಲ ಮೂವರನ್ನೂ ಒಟ್ಟಿಗೆ ಕೂರಿಸಿದೆ. ಮೊದಲು ಅಪ್ಪನ ಭಯಕ್ಕೆ ಉತ್ತರ. ಒಂದು ಹಾಳೆ ಕೊಟ್ಟು ಲೆಕ್ಕ ಬರೆಯಿರಿ ಎಂದೆ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ಸರ್ಕಾರ 2022ರಲ್ಲೇ ಆದೇಶ ಮಾಡಿದೆ. ಇದೇ ಲೆಕ್ಕದಲ್ಲಿ ಎಲ್‌ಕೆಜಿಗೆ 4, ಯುಕೆಜಿಗೆ 5. 2025-26ರಲ್ಲಿ ಒಂದನೇ ತರಗತಿಗೆ 5 ವರ್ಷ 5 ತಿಂಗಳಿಗೆ ಇಳಿಸಿ ಒಂದು ಸಲದ ರಿಯಾಯಿತಿ ಕೊಟ್ಟಿದ್ದರು. ಅಂಥದ್ದನ್ನು ನಂಬಿ ಈಗಲೇ ಪ್ಲಾನ್ ಮಾಡಲಾಗದು. ಪುಟ್ಟಿ ಹುಟ್ಟಿದ್ದು ಆಗಸ್ಟ್‌ನಲ್ಲಿ. ಬರುವ ಜೂನ್‌ಗೆ 2 ವರ್ಷ 9 ತಿಂಗಳು. ಅದರ ಮುಂದಿನ ಜೂನ್‌ಗೆ 3 ವರ್ಷ 9 ತಿಂಗಳು, ಆಗಲೂ ಎಲ್‌ಕೆಜಿ ಸಿಗುವುದಿಲ್ಲ. ಸೇರುವುದು 4 ವರ್ಷ 9 ತಿಂಗಳಿಗೇ. ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಪಕ್ಕದ ಮನೆ ಹುಡುಗನೂ ಅದೇ ವರ್ಷವೇ ಸೇರಬೇಕು. ಈಗ ಓಡಿದರೂ ಯಾರೂ ಮುಂದೆ ಹೋಗುವುದಿಲ್ಲ. ಕೈಯಲ್ಲಿ ಪೂರ್ತಿ ಎರಡು ವರ್ಷ ಇದೆ. ಅಪ್ಪ ಹಾಳೆಯನ್ನು ಎರಡು ಸಲ ನೋಡಿ, ಮಡಚಿ ಜೇಬಿಗೆ ಹಾಕಿಕೊಂಡರು. ಆ ವಾರ ಅಡ್ವಾನ್ಸ್ ಕಟ್ಟಲಿಲ್ಲ.

ಆಮೇಲೆ ಅಮ್ಮನೂ ಅಜ್ಜಿಯೂ ನನಗೆ ಹೇಳಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ ಎಂದು ಕೇಳಿಕೊಂಡೆ. ಅಜ್ಜಿ ಅತ್ತರು. ಸೊಸೆ “ಮೊದಲೇ ಹೇಳಬಾರದಿತ್ತಾ ಅತ್ತೆ, ಡಾಕ್ಟರಿಗೆ ತೋರಿಸ್ತಿದ್ದೆವಲ್ಲ” ಎಂದರು. ಬಹಳ ಮನೆಗಳಲ್ಲಿ ‘ಮಗುವನ್ನು ಯಾವಾಗ ಸೇರಿಸೋಣ’ ಎಂಬ ಪ್ರಶ್ನೆಯ ಒಳಗೆ ‘ಮಗುವನ್ನು ನೋಡಿಕೊಳ್ಳುವವರು ಯಾರು’ ಎಂಬ ಪ್ರಶ್ನೆ ಇರುತ್ತದೆ. ದೊಡ್ಡವರಿಗೆ ಕೆಲಸ ಇದೆ, ಸುಸ್ತು ಇದೆ ಅನ್ನುವುದು ಮಗುವನ್ನು ಕಳಿಸಲು ನ್ಯಾಯವಾದ ಕಾರಣ. ಅದನ್ನು ನಾಚಿಕೆಪಡದೆ ಒಪ್ಪಿಕೊಂಡರೆ, ಹುಡುಕುವ ಜಾಗವೇ ಬೇರೆಯಾಗುತ್ತದೆ. ಆಗ ಬೇಕಾಗಿರುವುದು ಸಿಲಬಸ್ ಅಲ್ಲ. ಅತ್ತರೆ ಎತ್ತಿಕೊಳ್ಳುವ, ಚಡ್ಡಿ ಒದ್ದೆಯಾದರೆ ಬೈಯದೆ ಬದಲಿಸುವ ಒಬ್ಬ ಮನುಷ್ಯರು.

ಹತ್ತಿರದ ಅಂಗನವಾಡಿಯನ್ನೂ ಒಮ್ಮೆ ನೋಡಿ ಬನ್ನಿ, ಆಗಸ್ಟ್‌ಗೆ ಮೂರು ತುಂಬುತ್ತದಲ್ಲ ಎಂದೆ. ಅಪ್ಪನಿಗೆ ಮುಜುಗರ. ಅಜ್ಜಿಯೇ ಹೇಳಿದರು: “ನೀನೂ ಹೋದೋನೇ ಅಲ್ವಾ ಮಗಾ? ನರಸೀಪುರದಲ್ಲಿ ನಿನ್ನ ಅಲ್ಲಿ ಬಿಟ್ಟೇ ನಾನು ಗದ್ದೆಗೆ ಹೋಗ್ತಿದ್ದೆ.” ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ಅವರ ತಿ. ನರಸೀಪುರಕ್ಕೇ. ಎಲ್ಲ ಅಂಗನವಾಡಿಯೂ ಚೆನ್ನಾಗಿರುತ್ತದೆ ಎಂದು ನಾನು ಹೇಳುವುದಿಲ್ಲ. ಫೀಸು ಜಾಸ್ತಿ ಇರುವ ಕಡೆಯೂ ಎಲ್ಲ ಚೆನ್ನಾಗಿರುವುದಿಲ್ಲ. ಹೋಗಿ ಅರ್ಧ ಗಂಟೆ ಕೂತು ನೋಡಬೇಕು.

ನೋಡುವಾಗ ಗೋಡೆ ಮೇಲಿನ ಚಿತ್ರ ಬಿಡಿ, ಮಕ್ಕಳ ಮುಖ ನೋಡಿ ಎಂದು ಹೇಳಿದ್ದೆ. ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು? ಆಯಾ ಇದ್ದಾರಾ? ಬಾತ್‌ರೂಮು ಚಿಕ್ಕ ಮಕ್ಕಳ ಎತ್ತರಕ್ಕಿದೆಯಾ? ಮೂರು ವರ್ಷದವರ ಕೈಗೆ ಪೆನ್ಸಿಲ್ ಕೊಟ್ಟು ಗೆರೆ ಬರೆಸುತ್ತಿದ್ದರೆ ವಾಪಸ್ ಬನ್ನಿ. ಆ ವಯಸ್ಸಿಗೆ ಮಣಿಕಟ್ಟಿನ ಮೂಳೆಗಳೇ ಇನ್ನೂ ಬಲಿತಿರುವುದಿಲ್ಲ. 3ರಿಂದ 6 ವರ್ಷದ ಮಕ್ಕಳಿಗೆ ಪಠ್ಯಪುಸ್ತಕವೇ ಬೇಡ ಎಂದು 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೇಳಿದೆ. ಹಿಟ್ಟು ನಾದುವುದು, ಅವರೆಕಾಯಿ ಸುಲಿಯುವುದು, ಮಣ್ಣಲ್ಲಿ ಆಡುವುದು ಆ ಕೈಗೆ ಸರಿಯಾದ ಪಾಠ.

ಅವರು ಕೊನೆಗೆ ಆರಿಸಿದ್ದು ಪಕ್ಕದ ರಸ್ತೆಯ ಪುಟ್ಟ ಪ್ಲೇ ಹೋಮ್. ಬೆಳಿಗ್ಗೆ ಎರಡೂವರೆ ಗಂಟೆ ಮಾತ್ರ. ವ್ಯಾನ್ ಇಲ್ಲ, ಬಿಡುವುದು ಅಪ್ಪ. ಮಧ್ಯಾಹ್ನ ಅಜ್ಜಿಗೆ ಜೊತೆಯಾಗಿ ಒಬ್ಬ ಹೆಂಗಸನ್ನು ಗೊತ್ತು ಮಾಡಿಕೊಂಡರು. ಮೊಬೈಲ್ ನಿಂತಿತು. ಆ ಹೊತ್ತಿಗೆ ಕಥೆ, ಪಾತ್ರೆ, ನೀರಾಟ.

ಬಿಡುವ ಕ್ರಮವನ್ನು ನಾನು ಖಡಾಖಂಡಿತವಾಗಿ ಹೇಳಿದ್ದೆ. ಮೊದಲ ವಾರ ಒಂದು ಗಂಟೆ ಸಾಕು. ಕಣ್ಣು ತಪ್ಪಿಸಿ ಓಡಿ ಬರಬೇಡಿ. ‘ಆಫೀಸಿಗೆ ಹೋಗ್ತೀನಿ, ತಿಂಡಿ ಆದಮೇಲೆ ಅಜ್ಜಿ ಬರ್ತಾರೆ’ ಎಂದು ಹೇಳಿ ಹೊರಡಿ, ಹೇಳಿದ ಹೊತ್ತಿಗೆ ಅಜ್ಜಿ ಅಲ್ಲಿರಲಿ. ಹೇಳದೆ ಮಾಯವಾದ ಅಪ್ಪನನ್ನು ಮಗು ಮನೆಯಲ್ಲೂ ಬಿಡದೆ ಹಿಂಬಾಲಿಸುತ್ತದೆ. ಮೊದಲ ವರ್ಷ ನೆಗಡಿ ಕೆಮ್ಮು ಮೇಲಿಂದ ಮೇಲೆ ಬರುತ್ತದೆ, ಗಾಬರಿ ಬೇಡ ಎಂದೂ ಹೇಳಿದ್ದೆ.

ಇಷ್ಟೆಲ್ಲ ಮಾಡಿದರೂ ಪುಟ್ಟಿ ಹೊಂದಿಕೊಳ್ಳಲಿಲ್ಲ. ಜುಲೈ ಮುಗಿದರೂ ಗೇಟಿನಲ್ಲೇ ಅಳು, ರಾತ್ರಿ ಬೆಚ್ಚಿ ಏಳುವುದು, ಊಟ ಕಡಿಮೆ. ಮೊದಲ ಎರಡು ಮೂರು ವಾರದ ಅಳು ಸಹಜ, ಟೀಚರ್ ಎತ್ತಿಕೊಂಡರೆ ನಿಲ್ಲುತ್ತದೆ. ಇವಳದು ನಿಲ್ಲುತ್ತಿರಲಿಲ್ಲ, ನಿದ್ದೆಯನ್ನೂ ಕೆಡಿಸಿತ್ತು. ‘ನಿಲ್ಲಿಸಿ, ದಸರಾ ಕಳೆಯಲಿ’ ಎಂದೆ. ಕಟ್ಟಿದ ಫೀಸು ಹೋಗುತ್ತದಲ್ಲ ಎಂದು ಅಪ್ಪ ಬೇಸರಪಟ್ಟರು, ಆದರೂ ನಿಲ್ಲಿಸಿದರು. ಆ ಸಹಾಯದ ಹೆಂಗಸೇ ಇಡೀ ದಿನ ಬಂದರು, ಅಮ್ಮ ಕೆಲಸ ಬಿಡಲಿಲ್ಲ.

ದಸರಾ ರಜೆ ಮುಗಿದ ಮೇಲೆ ಅದೇ ಪ್ಲೇ ಹೋಮ್‌ಗೆ ಮತ್ತೆ ಹೋದಳು. ಮೂರು ತುಂಬಿತ್ತು, ಮಾತು ಬಂದಿತ್ತು. ‘ಸೂಸು ಬಂತು’ ಎಂದು ಹೇಳಲು ಬರುವ ಮಗುವಿಗೂ ಬಾರದ ಮಗುವಿಗೂ ಹೊರಗೆ ಹೋದಾಗ ಇರುವ ಧೈರ್ಯವೇ ಬೇರೆ. ನಾಲ್ಕು ದಿನ ಅತ್ತಳು, ಐದನೇ ದಿನ ಚಪ್ಪಲಿ ತಾನೇ ತೆಗೆದಿಟ್ಟು ಒಳಗೆ ಹೋದಳು. ಕಿವಿ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಮಾತಿಗಾಗಿ ಆರು ತಿಂಗಳು ಬಿಟ್ಟು ಇನ್ನೊಮ್ಮೆ ತೋರಿಸಲು ಸಂಸ್ಥೆಯಲ್ಲಿ ಹೇಳಿದ್ದಾರೆ, ದಿನಾಂಕ ಬರೆಸಿಕೊಂಡು ಬಂದಿದ್ದಾರೆ.