ಮಂಡಿ ಪೆಟ್ಟಾಗಿ ಆಟ ನಿಂತಿದೆ, ಕಬಡ್ಡಿ ವೀಕ್ಷಕ ವಿವರಣೆಗೆ ಇಳಿಯಬಹುದೇ?

ನೀವು ಬರೆದದ್ದು ಇಷ್ಟು: ವಯಸ್ಸು ಇಪ್ಪತ್ತೆಂಟು, ಮಂಡಿಯ ಲಿಗಮೆಂಟ್ ಹರಿದಿದೆ, ಊರು ಕಾಸರಗೋಡಿನ ಪೆರ್ಲದ ಹತ್ತಿರ, ಮಾತು ಸ್ವಲ್ಪ ತಡವರಿಸುತ್ತದೆ, ಬೆಂಗಳೂರಿನಲ್ಲಿ ನಲವತ್ತು ಸಾವಿರ ಕೊಟ್ಟು ಧ್ವನಿ ತರಬೇತಿಗೆ ಸೇರಬೇಕೋ ಬೇಡವೋ ಎಂಬ ಸಂಶಯ. ನಿಮ್ಮ ಪ್ರಶ್ನೆಯಲ್ಲಿ ಊರೊಂದನ್ನು ಬದಲಿಸಿದರೆ ಅದು ನಾನೇ. ನನ್ನದು ಉಪ್ಪಳದ ಕಡೆ, ಮಂಡಿ ಎಡದ್ದು, ವರ್ಷ 2014.

ಆ ಜುಲೈಯಲ್ಲಿ ಪ್ರೊ ಕಬಡ್ಡಿಯ ಮೊದಲ ಸೀಸನ್ ಶುರುವಾದಾಗ ನಾನು ಆಪರೇಷನ್ ಮುಗಿಸಿ, ಕಾಲಿನ ಕೆಳಗೆ ಎರಡು ದಿಂಬು ಇಟ್ಟುಕೊಂಡು ಚಾವಡಿಯಲ್ಲಿ ಮಲಗಿದ್ದೆ. ಒಂಬತ್ತು ವರ್ಷ ಎಡ ಕಾರ್ನರ್‌ನಲ್ಲಿ ನಿಂತವನು, ಅಂದರೆ ದಾಳಿಗಾರನನ್ನು ಹಿಡಿಯುವ ಎಡ ಅಂಚಿನ ಆಟಗಾರ. ನಾನು ಹಿಡಿದು ಕೆಡವಿದ, ನನ್ನನ್ನು ಉದುರಿಸಿ ಹೋದ ಹುಡುಗರ ವಯಸ್ಸಿನವರೇ ಟಿವಿಯಲ್ಲಿ ಆಡುತ್ತಿದ್ದರು. ನೋಡಲಿಕ್ಕೂ ಆಗುವುದಿಲ್ಲ, ಬಿಡಲಿಕ್ಕೂ ಆಗುವುದಿಲ್ಲ. ಟಿವಿಯ ಸದ್ದು ಪೂರ್ತಿ ಇಳಿಸಿ ನಾನೇ ಹೇಳಲು ಶುರು ಮಾಡಿದೆ. ಯಾರು ದಾಳಿಗೆ ಹೊರಟ, ಕಾರ್ನರ್ ಯಾಕೆ ಅರ್ಧ ಹೆಜ್ಜೆ ಹಿಂದೆ ಸರಿದ, ಹಿಡಿಯುವವರು ಕೈ ಕೈ ಹಿಡಿದ ಚೈನ್ ಎಲ್ಲಿ ಬಿಟ್ಟಿತು. ಅಮ್ಮ ಅಡುಗೆಮನೆಯಿಂದ ಬಂದು "ಯಾರತ್ರ ಮಾತಾಡುದು ನೀನು?" ಅಂತ ಕೇಳಿದ್ದು ಇವತ್ತಿಗೂ ನೆನಪುಂಟು. ಆ ಮೂರು ತಿಂಗಳು ನನ್ನನ್ನು ಉಳಿಸಿದ್ದು ಆ ಮಾತು.

ಮರುವರ್ಷ ಬದಿಯಡ್ಕದ ಕಡೆ ಒಂದು ಹೊನಲು ಬೆಳಕಿನ ಪಂದ್ಯಾಟ. ರಾತ್ರಿ ಒಂದು ಗಂಟೆಗೆ ವಿವರಣೆಯವರ ಗಂಟಲು ಕಟ್ಟಿತು. ಸಂಘಟಕರಲ್ಲಿ ಒಬ್ಬರು ಗ್ಯಾಲರಿಯಲ್ಲಿ ಕೂತಿದ್ದ ನನ್ನನ್ನು ಕಂಡು "ನೀನು ಆಡಿದವನಲ್ವಾ, ಸ್ವಲ್ಪ ಹಿಡಿ" ಅಂತ ಮೈಕ್ ಕೊಟ್ಟರು. ಬೆಳಗ್ಗೆ ಐದಕ್ಕೆ ಫೈನಲ್ ಮುಗಿದಾಗ ಮೈಕ್ ನನ್ನ ಕೈಯಲ್ಲೇ ಇತ್ತು. ಐನೂರು ರೂಪಾಯಿ ಕೊಟ್ಟರು. ಆ ಸೀಸನ್‌ನಲ್ಲಿ ಹನ್ನೊಂದು ರಾತ್ರಿ ಕರೆ ಬಂತು. ಜನರಿಗೆ ಇಷ್ಟವಾಗಿತ್ತು, ಅದು ನನಗೆ ಗೊತ್ತಿತ್ತು.

ಇನ್ನು ನನ್ನ ತಪ್ಪು. ಇದನ್ನು ವಿವರವಾಗಿ ಹೇಳುತ್ತೇನೆ, ದಯವಿಟ್ಟು ದಾಟಿಸಿ ಓದಬೇಡಿ. ಆಡಿದವನು ಮಾತ್ರ ಮಾಡಬಹುದಾದ ತಪ್ಪು ಇದು.

2016ರ ಮಾರ್ಚ್. ನಾನು ಆಡಿದ ತಂಡದ್ದೇ ಸೆಮಿಫೈನಲ್. ಅಂಕ 27–27. ಕೊನೆಯ ದಾಳಿ ನಮ್ಮವರದ್ದು. ಹೋದವನು ನಾನೇ ಅಂಗಳಕ್ಕೆ ಕರೆತಂದು ಕಲಿಸಿದ ಹುಡುಗ. ಎದುರು ಆರು ಜನ, ಅಂದರೆ ಬೋನಸ್, ಯಾರನ್ನೂ ಮುಟ್ಟದೆ ಸಿಗುವ ಒಂದು ಅಂಕ, ಉಂಟು. ನಿಯಮ ನಿಮಗೆ ಗೊತ್ತಿದ್ದದ್ದೇ, ಆದರೂ ಬರೆಯುತ್ತೇನೆ: ಮುಂದಿನ ಪಾದ ಎದುರು ಅಂಕಣದ ಒಳಗಿರುವ ಬೋನಸ್ ಗೆರೆಯನ್ನು ಪೂರ್ತಿ ದಾಟಬೇಕು, ಅದೇ ಕ್ಷಣ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಎರಡೂ ಆದರೆ ಅಂಕ ಖಾಯಂ, ಆಮೇಲೆ ಹಿಡಿದು ಬೀಳಿಸಿದರೂ ಬೋನಸ್ ಬೋನಸ್ಸೇ.

ವೇದಿಕೆ ಇದ್ದದ್ದು ಎದುರು ತಂಡದ ಎಂಡ್ ಲೈನಿನ, ಅಂದರೆ ಅಂಕಣದ ಕೊನೆಯ ಗೆರೆಯ, ಹಿಂದೆ. ಅಂದರೆ ದಾಳಿಗಾರ ನನಗೆ ಮುಖಮಾಡಿ ಬರುತ್ತಿದ್ದಾನೆ. ಅವನ ಮುಂದಿನ ಪಾದ ಗೆರೆ ದಾಟಿದ್ದು ನನಗೆ ಸ್ಪಷ್ಟ ಕಂಡಿತು. ಹಿಂದಿನ ಕಾಲು ಕಾಣಲಿಲ್ಲ. ಮುಂದಿನ ತೊಡೆ ಅಡ್ಡ ಇತ್ತು, ಲೈಟಿನ ನೆರಳೂ ಅಲ್ಲೇ ಬಿದ್ದಿತ್ತು. ಆದರೆ ನನಗೆ "ಕಾಣಲಿಲ್ಲ" ಅಂತ ಆ ಹೊತ್ತಿಗೆ ಅನ್ನಿಸಲೇ ಇಲ್ಲ. ಒಂಬತ್ತು ವರ್ಷ ಕಾಲುಗಳನ್ನೇ ನೋಡಿದ ಕಣ್ಣು ಅದು. ಸೊಂಟ ಆ ರೀತಿ ಬಾಗಿ ಮುಂದಿನ ಪಾದ ಅಷ್ಟು ದೂರ ಬಿತ್ತು ಅಂದರೆ ಹಿಂದಿನ ಕಾಲು ಎದ್ದೇ ಇರಬೇಕು, ಹಾಗೆ ಲೆಕ್ಕ ಹಾಕಿ, ಕಾಣದೆ ಉಳಿದದ್ದನ್ನು ಕಣ್ಣೇ ತುಂಬಿಸಿಕೊಂಡಿತು. ಅಂಪೈರ್ ಕೈ ಎತ್ತುವ ಮೊದಲೇ ನಾನು ಕೂಗಿದೆ: "ಬೋನಸ್! ಬೋನಸ್ ಬಂತು!"

ಹುಡುಗನಿಗೆ ಅದು ಕೇಳಿಸಿತು. ಅಂಕಣದ ನಾಲ್ಕು ಮೂಲೆಯಲ್ಲೂ ಸ್ಪೀಕರ್ ಇತ್ತು. ಅದಕ್ಕಿಂತ ಹೆಚ್ಚಾಗಿ, ಎಷ್ಟೋ ವರ್ಷ ಎಡ ಕಾರ್ನರ್‌ನಿಂದ ನಾನು ಕೂಗಿದ್ದನ್ನು ಕೇಳಿ ಆಡಿದವನು ಅವನು. ನನ್ನ ಸ್ವರ ಬಂದರೆ ಅವನಿಗೆ ಅದು ಅಪ್ಪಣೆ. ಅಂಕ ಬಂತು, ಗೆದ್ದಾಯಿತು ಅಂತ ಒಂದು ಹೆಜ್ಜೆ ಹಗುರ ಮಾಡಿದ. ಒಂದೇ ಹೆಜ್ಜೆ. ಎದುರಿನ ಕಾರ್ನರ್ ಬಂದು ಹಿಮ್ಮಡಿಗೆ ಕೈ ಹಾಕಿದ, ಉಳಿದವರು ಮೇಲೆ ಬಿದ್ದರು. ಅಂಪೈರ್ ಬೋನಸ್ ಕೊಡಲಿಲ್ಲ. 27–28.

ಮರುದಿನ ಬದಿಯಿಂದ ತೆಗೆದ ಒಂದು ಮೊಬೈಲ್ ವಿಡಿಯೊ ಬಂತು. ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮುಂದಿನ ಪಾದ ಗೆರೆಯ ಆಚೆ, ಹಿಂದಿನ ಕಾಲಿನ ಹೆಬ್ಬೆರಳು ಮ್ಯಾಟಿನ ಮೇಲೆ. ಉಗುರಿನ ಅಗಲದಷ್ಟು, ಆದರೂ ಮ್ಯಾಟಿನ ಮೇಲೆ. ಅಂಪೈರ್ ನೂರಕ್ಕೆ ನೂರು ಸರಿ ಇದ್ದರು.

ಆ ರಾತ್ರಿ ಪಂದ್ಯ ಮುಗಿದ ಕೂಡಲೇ ಅಂಪೈರ್ ವೇದಿಕೆಗೆ ಬಂದು ಕೇಳಿದ್ದು ಒಂದೇ ಮಾತು: "ಪಾಯಿಂಟ್ ಕೊಡುವವರು ನೀವಾ, ನಾವಾ?" ಎದುರು ತಂಡದವರು ನಾನು ನಮ್ಮವರಿಗೆ ಮೈಕಿನಲ್ಲಿ ಸಹಾಯ ಮಾಡಿದೆ ಎಂದರು. ನಮ್ಮವರು ನಾನೇ ಸೋಲಿಸಿದೆ ಎಂದರು. ಒಂದೂವರೆ ವರ್ಷ ಯಾರೂ ಕರೆಯಲಿಲ್ಲ. ಆ ಹುಡುಗ ಅದಕ್ಕಿಂತಲೂ ಹೆಚ್ಚು ಕಾಲ ನನ್ನ ಹತ್ತಿರ ಮಾತಾಡಲಿಲ್ಲ. ಕರೆ ನಿಂತದ್ದು ದೊಡ್ಡದಲ್ಲ, ಅವನ ಮೌನ ದೊಡ್ಡದು.

ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿರುವ ಒಂದು ಮಾತನ್ನು ನಾನು ಒಪ್ಪುವುದಿಲ್ಲ. "ಆಟ ಗೊತ್ತುಂಟು, ಧ್ವನಿಯೊಂದೇ ಸರಿಮಾಡಿಕೊಳ್ಳಬೇಕು" ಅಂತ ಬರೆದಿದ್ದೀರಿ. ತಿರುಗುಮುರುಗು ಅದು. ನಿಮ್ಮ ಧ್ವನಿಗೆ ಏನೂ ಆಗಿಲ್ಲ. ಆಟ ಗೊತ್ತಿರುವುದೇ ನೀವು ಜಾಗ್ರತೆ ಮಾಡಬೇಕಾದ ವಿಷಯ. ಆಟಗಾರ ಮುಂದೆ ಆಗುವುದನ್ನು ಊಹಿಸಿ ಬದುಕುತ್ತಾನೆ, ಊಹಿಸದಿದ್ದರೆ ಹಿಡಿತವೇ ಇಲ್ಲ. ಮೈಕ್ ಹಿಡಿದವನು ಆದದ್ದನ್ನು ಮಾತ್ರ ಹೇಳಬೇಕು. ಈ ಅಭ್ಯಾಸ ಬಿಡಿಸುವ ಕೋರ್ಸ್ ಬೆಂಗಳೂರಿನಲ್ಲಿ ಇಲ್ಲ. ಆ ನಲವತ್ತು ಸಾವಿರವನ್ನು ಫಿಸಿಯೋಥೆರಪಿಗೆ ಇಡಿ.

ನನಗೆ ಅದನ್ನು ಬಿಡಿಸಿದ್ದು ಸ್ಕೋರರ್ ಮೇಜು. 2017ರ ಕೊನೆಗೆ ನಾನೇ ಹೋಗಿ, ಮೈಕ್ ಬೇಡ, ಅಂಕಪಟ್ಟಿ ಬರೆಯಲು ಕೂರಿಸಿ ಅಂತ ಕೇಳಿಕೊಂಡೆ. ಒಂದು ಸೀಸನ್ ಪೂರ್ತಿ ಬರೆದೆ. ಸ್ಕೋರರ್ ಆದವನು ಅಂಪೈರ್ ಮಾಡುವ ಕೈಸನ್ನೆ ಕಂಡ ಮೇಲೆಯೇ ಪೆನ್ನು ಊರಬೇಕು. ಮನಸ್ಸು "ಬೋನಸ್" ಅಂದರೂ ಪೆನ್ನು ಗಾಳಿಯಲ್ಲಿ ನಿಂತಿರಬೇಕು. ನಾಲ್ಕು ತಿಂಗಳಲ್ಲಿ ಆ ನಿಲ್ಲುವಿಕೆ ಕೈಯಿಂದ ನಾಲಿಗೆಗೆ ಬಂತು. ಈಗ ನಾನು "ಕಾಲು ಗೆರೆಯ ಹತ್ತಿರ ಹೋಯಿತು, ಅಂಪೈರ್ ಏನು ಹೇಳುತ್ತಾರೆ ನೋಡುವ" ಅಂತ ಹೇಳಿ ಬಾಯಿ ಮುಚ್ಚುತ್ತೇನೆ. ಆ ಒಂದು ಸೆಕೆಂಡು ಗ್ಯಾಲರಿಯೂ ಉಸಿರು ಹಿಡಿಯುತ್ತದೆ, ಗಮನಿಸಿ ನೋಡಿ.

"ಗಾಲ್ಫ್‌ನವರು, ಕ್ರಿಕೆಟಿನವರು ಆಟ ಬಿಟ್ಟು ಟಿವಿಗೆ ಹೋಗುತ್ತಾರೆ, ತಡವರಿಸುವ ನನಗೆ ಸಾಧ್ಯವಾ" ಅಂತಲೂ ಕೇಳಿದ್ದೀರಿ. ಗಾಲ್ಫ್ ಹೆಸರು ತೆಗೆದದ್ದು ಒಳ್ಳೆಯದಾಯಿತು. ಕೆನ್ ವೆಂಚೂರಿ ಅಂತ ಅಮೆರಿಕದ ಗಾಲ್ಫರ್. ಚಿಕ್ಕಂದಿನಲ್ಲಿ ಮಾತು ತೀರಾ ತೊದಲುತ್ತಿತ್ತು. ಒಬ್ಬನೇ ಆಡಬಹುದಾದ ಆಟ ಅಂತಲೇ ಗಾಲ್ಫ್ ಹಿಡಿದವರು. 1964ರ ಯು.ಎಸ್. ಓಪನ್‌ನಲ್ಲಿ ಕೊನೆಯ ದಿನ ಸುಡುಬಿಸಿಲಲ್ಲಿ 36 ಹೋಲ್, ಅಂದರೆ ಎರಡು ಸುತ್ತು, ಕುಸಿದು ಬೀಳುವ ಹಾಗಿದ್ದ ಅವರ ಜೊತೆ ವೈದ್ಯರೊಬ್ಬರು ನಡೆಯುತ್ತಿದ್ದರು, ಆದರೂ ಗೆದ್ದರು. ಆಮೇಲೆ ಕೈಯ ನರದ ತೊಂದರೆಯಿಂದ ಆಟ ಹೋಯಿತು. ಅದೇ ತೊದಲುತ್ತಿದ್ದ ಮನುಷ್ಯ ಸಿಬಿಎಸ್ ವಾಹಿನಿಯಲ್ಲಿ 2002ರವರೆಗೆ 35 ವರ್ಷ ಗಾಲ್ಫ್ ವಿಶ್ಲೇಷಣೆ ಮಾಡಿದರು. ಅವರ ಕತೆ ಓದಿದ ದಿನ ನಾನು ಅಂಗಡಿಯಲ್ಲಿ ಕೂತು ಅತ್ತಿದ್ದೇನೆ.

ಆದರೆ ಗಾಲ್ಫ್ ನೋಡಿ ಕಬಡ್ಡಿಯ ಮಾತು ಕಲಿಯಬೇಡಿ. ಅಲ್ಲಿ ಆಟಗಾರ ಚೆಂಡು ಹೊಡೆದು, ಅದರ ಹತ್ತಿರ ನಡೆದು ಹೋಗುವವರೆಗೆ ಮಾತಿಗೆ ನಿಮಿಷಗಟ್ಟಲೆ ಜಾಗ ಉಂಟು. ನಮ್ಮಲ್ಲಿ ಒಂದು ದಾಳಿ 30 ಸೆಕೆಂಡು, ಅದು ಮುಗಿದ ಐದು ಸೆಕೆಂಡಿನೊಳಗೆ ಮುಂದಿನ ದಾಳಿಗಾರ ಹೊರಡಬೇಕು. ಆಟಗಾರನಾಗಿ ಬಂದವನಿಗೆ ವಿಶ್ಲೇಷಣೆಗೆ ಸಿಗುವುದು ಆ ಐದು ಸೆಕೆಂಡು. ಅಷ್ಟರಲ್ಲಿ ಒಂದು ವಿಷಯ, ಒಂದೇ, ನೋಡುವವನಿಗೆ ಕಾಣದೆ ಹೋದದ್ದನ್ನು ಹೇಳಬೇಕು. "ಕಾರ್ನರ್‌ನವನ ಕೈ ಜಾರಿದ್ದಲ್ಲ, ಪಕ್ಕದವನು ಚೈನ್ ಬೇಗ ಬಿಟ್ಟ." ಇಷ್ಟು ಸಾಕು. ತಡವರಿಸುವವನಿಗೆ ಇದು ವರ ಅಂತ ನನ್ನ ಅಭಿಪ್ರಾಯ, ಏಕೆಂದರೆ ಚಿಕ್ಕ ಮಾತು ಆರಿಸಿಕೊಳ್ಳುವುದು ಅವನಿಗೆ ಮೊದಲಿನಿಂದಲೂ ಅಭ್ಯಾಸ.

ಭಾಷೆಯ ವಿಷಯ. 2019ರಲ್ಲಿ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಹನ್ನೆರಡು ದಿನ ಕೆಲಸ ಸಿಕ್ಕಿತು. ಅಂಕಣ ಎಲ್ಲೋ, ನಾವು ಎಲ್ಲೋ, ಎದುರಿಗೆ ಒಂದು ಮಾನಿಟರ್, ಕಿವಿಯಲ್ಲಿ ಜಾಹೀರಾತಿಗೆ ಹತ್ತು, ಒಂಬತ್ತು, ಎಂಟು ಅಂತ ಎಣಿಸುವ ಸ್ವರ. ಮೊದಲ ದಿನವೇ ಯಾರೋ "ನೀವು ಕೇರಳದವರಾ?" ಅಂದರು. ನಾನು ಹೆದರಿ ಎರಡು ದಿನ "ಉಂಟು" ಬಿಟ್ಟು "ಇದೆ" ಅಂದೆ, "ನೋಡುವ" ಬಿಟ್ಟು "ನೋಡೋಣ" ಅಂದೆ. ಮಾತು ಸತ್ತುಹೋಯಿತು. ಮೂರನೆಯ ದಿನ ಜೊತೆಗಿದ್ದ ಹಿರಿಯರೇ "ನಿಮ್ಮ ಊರಿನ ಹಾಗೆ ಮಾತಾಡಿ ಮಾರಾಯ್ರೆ" ಎಂದರು. ನೀವು ಆ ಎರಡು ದಿನವನ್ನೂ ಕಳೆಯಬೇಡಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ಗಡಿ ತಲಪಾಡಿಗೆ ಬಂತು, ಮಾತಿಗೆ ಗಡಿ ಬರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಕನ್ನಡ ಶಾಲೆ ಬಿಟ್ಟರೆ, ನೂರಾರು ಜನ ಒಟ್ಟಿಗೆ ಕೂತು ಕನ್ನಡ ಕೇಳುವುದು ಯಕ್ಷಗಾನದಲ್ಲಿ ಮತ್ತು ಈ ಪಂದ್ಯಾಟಗಳಲ್ಲಿ. ಅಂಕವನ್ನು ನಾನು ತುಳು, ಮಲಯಾಳದಲ್ಲೂ ಹೇಳುತ್ತೇನೆ, ಬಂದವರಿಗೆ ಮರ್ಯಾದೆ ಅದು. ವಿವರಣೆ ಮಾತ್ರ ನಮ್ಮ ಕನ್ನಡದಲ್ಲೇ.

ಸಂಪಾದನೆ ಕೇಳಿದ್ದೀರಿ. ಇದನ್ನೇ ನಂಬಿ ಮನೆ ನಡೆಸಲು ಆಗುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ರಾತ್ರಿಗಳು ಸಿಗುತ್ತವೆ, ಮಳೆ ಹಿಡಿದರೆ ಮುಗಿಯಿತು. ನಾನು ಹಗಲು ಹಾರ್ಡ್‌ವೇರ್ ಅಂಗಡಿಯಲ್ಲಿ ಇರುತ್ತೇನೆ.

ಆ ಹುಡುಗ ಈಗ ಅಂಪೈರ್ ಪರೀಕ್ಷೆ ಪಾಸಾಗಿದ್ದಾನೆ. ಹೋದ ವರ್ಷ ಒಂದು ಪಂದ್ಯದಲ್ಲಿ ಅವನು ಗೆರೆಯ ಹತ್ತಿರ, ನಾನು ಮೈಕಿನಲ್ಲಿ. ಒಂದು ಬೋನಸ್ ಪ್ರಯತ್ನಕ್ಕೆ ಅವನು ಕೈ ಎತ್ತುವ ಮೊದಲು ಒಮ್ಮೆ ವೇದಿಕೆಯ ಕಡೆ ನೋಡಿದ. ನಾನು ಸುಮ್ಮನಿದ್ದೆ. ಆಮೇಲೆ ಕೈ ಎತ್ತಿದ.

ಬರುವ ಶನಿವಾರ ಮೀಯಪದವಿನ ಹತ್ತಿರ ಪಂದ್ಯಾಟ ಉಂಟು, ಸ್ಕೋರರ್ ಮೇಜಿನಲ್ಲಿ ಒಬ್ಬರು ಕಡಿಮೆ ಇದ್ದಾರೆ. ರಾತ್ರಿ ಎಂಟಕ್ಕೆ ಬನ್ನಿ. ಮಂಡಿಗೆ ಪಟ್ಟಿ ಇದ್ದರೂ ತೊಂದರೆ ಇಲ್ಲ, ಮೇಜಿನ ಕೆಳಗೆ ಕಾಲು ಚಾಚಲು ಬೇಕಾದಷ್ಟು ಜಾಗ ಉಂಟು.