ವಿಂಡೋಸ್‌ನಲ್ಲಿ ಓಪನ್‌ರಿಫೈನ್: ಕಪ್ಪು ಕಿಟಕಿ ಮಿಂಚಿ ಮಾಯವಾದರೆ

ವಿಂಡೋಸ್ 11ರಲ್ಲಿ, ಅಸ್ತವ್ಯಸ್ತ ಮಾಹಿತಿಯನ್ನು ಶುದ್ಧಗೊಳಿಸುವ ತಂತ್ರಾಂಶವಾದ ಓಪನ್‌ರಿಫೈನ್ ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಗುತ್ತದೆ ಎಂದಿದ್ದೀರಿ. ಬ್ರೌಸರ್‌ನಲ್ಲಿ ತೆರೆಯುವ ತಂತ್ರಾಂಶವಾದ್ದರಿಂದ ಸಮೀಕ್ಷೆಯ ಮಾಹಿತಿ ಹೊರಗೆ ಹೋಗುವುದೇ ಎಂದೂ ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಈ ತಂತ್ರಾಂಶ ಹೇಗೆ ನಡೆಯುತ್ತದೆಂಬುದು ಅದರಲ್ಲಿಯೇ ಇದೆ.

ಓಪನ್‌ರಿಫೈನ್ ನಿಮ್ಮ ಕಂಪ್ಯೂಟರಿನೊಳಗೇ ಸಣ್ಣದೊಂದು ಸರ್ವರ್ ಆಗಿ ಓಡುತ್ತದೆ. ಬ್ರೌಸರ್‌ನಲ್ಲಿ ಕಾಣುವ 127.0.0.1:3333 ಎಂಬ ವಿಳಾಸ ನಿಮ್ಮದೇ ಯಂತ್ರದ್ದು. ಆದ್ದರಿಂದ ಅಂತರ್ಜಾಲ ಸಂಪರ್ಕ ತೆಗೆದಿಟ್ಟರೂ ಕೆಲಸ ನಡೆಯುತ್ತದೆ. ನೀವಾಗಿಯೇ ಹೊರಗಿನ ಸೇವೆಯೊಂದನ್ನು ಬಳಸಿದಾಗ ಮಾತ್ರ, ಉದಾಹರಣೆಗೆ ವಿಕಿಡೇಟಾ ಎಂಬ ಮುಕ್ತ ಮಾಹಿತಿಕೋಶದೊಂದಿಗೆ ಹೆಸರುಗಳನ್ನು ಹೊಂದಿಸಲು ಹೋದಾಗ, ಅದಕ್ಕೆ ಬೇಕಾದ ಮಾಹಿತಿ ಹೊರಹೋಗುತ್ತದೆ. ಆ ಕಪ್ಪು ಕಿಟಕಿಯೇ ಸರ್ವರ್. ಅದು ತೆರೆದಿರುವವರೆಗೆ ಮಾತ್ರ ಓಪನ್‌ರಿಫೈನ್ ಇರುತ್ತದೆ.

ಅದು ಮಾಯವಾಗಲು ನಾನು ಹೆಚ್ಚಾಗಿ ಕಂಡಿರುವ ಕಾರಣ, ಜಿಪ್ ಕಡತವನ್ನು ಬಿಚ್ಚದೆ ಅದರೊಳಗಿನಿಂದಲೇ ಪ್ರೋಗ್ರಾಂ ಓಡಿಸುವುದು. ವಿಂಡೋಸ್ ಜಿಪ್ ಅನ್ನು ಫೋಲ್ಡರಿನಂತೆಯೇ ತೋರಿಸುವುದರಿಂದ ಈ ತಪ್ಪು ಸಹಜ. ನನಗೂ ಮೊದಲ ಸಲ ಹೀಗೆಯೇ ಅರ್ಧ ದಿನ ಹೋಯಿತು. ಬಲ ಕ್ಲಿಕ್ ಮಾಡಿ ‘ಎಕ್ಸ್‌ಟ್ರ್ಯಾಕ್ಟ್ ಆಲ್’ ಆಯ್ದು, ಪೂರ್ತಿ ಬಿಚ್ಚಿದ ಮೇಲೆಯೇ ತೆರೆಯಿರಿ. ಇನ್ನೊಂದು ಕಾರಣ, ಓಪನ್‌ರಿಫೈನ್ ಓಡಲು ಬೇಕಾದ ಜಾವಾ ಎಂಬ ತಂತ್ರಾಂಶ ಇಲ್ಲದಿರುವುದು ಅಥವಾ ಹಳೆಯದಾಗಿರುವುದು. ಜಾವಾ ಒಳಗೊಂಡ ವಿಂಡೋಸ್ ಪ್ಯಾಕೇಜ್ ಪ್ರತ್ಯೇಕವಾಗಿಯೇ ದೊರೆಯುತ್ತದೆ, ಅದನ್ನೇ ಇಳಿಸಿಕೊಳ್ಳಿ. ಮುಂದೆ ಹೊಸ ಆವೃತ್ತಿ ಬಂದಾಗ ಹಳೆಯ ಫೋಲ್ಡರಿನ ಮೇಲೆ ಬಿಚ್ಚದೆ ಬೇರೆ ಫೋಲ್ಡರಿನಲ್ಲಿ ಬಿಚ್ಚಿರಿ. ನಿಮ್ಮ ಪ್ರಾಜೆಕ್ಟುಗಳು ಬೇರೆಡೆ ಉಳಿಯುವುದರಿಂದ ಅವು ಹೊಸದರಲ್ಲಿಯೂ ಕಾಣುತ್ತವೆ.

ಕೆಲಸ ಮುಗಿದಾಗ ಬ್ರೌಸರ್ ಮುಚ್ಚಿದರೆ ಸಾಲದು. ಕಪ್ಪು ಕಿಟಕಿಯ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ, ಅದು ಉಳಿಸಿಕೊಂಡು ನಿಲ್ಲುವವರೆಗೆ ಕಾಯಿರಿ.

ದೊಡ್ಡ ಕಡತ ತೆರೆದಾಗ ನಿಧಾನವಾದರೆ, ಬಿಚ್ಚಿದ ಫೋಲ್ಡರಿನಲ್ಲಿರುವ ‘ಓಪನ್‌ರಿಫೈನ್ ಎಲ್4ಜೆ’ ಎಂಬ ಐಎನ್‌ಐ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಎಕ್ಸ್‌ಎಂಎಕ್ಸ್ ಎಂಬುದರ ಮುಂದೆ 1024 ಎಂಬ ಸಂಖ್ಯೆ ಕಾಣುತ್ತದೆ. ಅದು ಮೆಗಾಬೈಟುಗಳಲ್ಲಿ ಮೆಮೊರಿಯ ಮಿತಿ. 8 ಜಿಬಿ ರ‍್ಯಾಮ್ ಇದ್ದರೆ 3072 ಮಾಡಬಹುದು, ಆದರೆ ಒಟ್ಟು ರ‍್ಯಾಮಿನ ಅರ್ಧವನ್ನು ಮೀರಬೇಡಿ.

ನಿಮ್ಮ ಕಡತದಲ್ಲಿ ಊರುಗಳ ಹೆಸರು ಕನ್ನಡದಲ್ಲಿದೆ ಎಂದಿರುವುದರಿಂದ ಎರಡು ಮಾತು ಸೇರಿಸಲೇಬೇಕು. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಮಾಹಿತಿಯ) ಕಡತ ತೆರೆಯುವಾಗ ಮುನ್ನೋಟದಲ್ಲಿ ಅಕ್ಷರಗಳು ಕಲಸಿಹೋಗಿ ಕಂಡರೆ ಅಲ್ಲಿಯೇ ಎನ್‌ಕೋಡಿಂಗ್ (ಅಕ್ಷರಗಳನ್ನು ಉಳಿಸುವ ಪದ್ಧತಿ) ಅನ್ನು ಯುಟಿಎಫ್-8 ಮಾಡಿ. ಆ ಹಂತ ದಾಟಿದ ಮೇಲೆ ಮತ್ತೆ ಮೊದಲಿನಿಂದ ತೆರೆಯುವುದೇ ಸುಲಭ. ಅನಂತರ ಊರಿನ ಕಾಲಂಗೆ ಟೆಕ್ಸ್ಟ್ ಫ್ಯಾಸೆಟ್ (ಕಾಲಂನಲ್ಲಿರುವ ಬೇರೆ ಬೇರೆ ರೂಪಗಳನ್ನು ಪಟ್ಟಿಮಾಡುವ ಸೌಲಭ್ಯ) ಹಾಕಿ. ಹಾಕಿದೊಡನೆ ಎಡಗಡೆಯ ಪಟ್ಟಿಯಲ್ಲಿ ‘ಬೆಳಗಾಂ’, ‘ಬೆಳಗಾವಿ’, ‘ಬೆಳಗಾವಿ’ ಎಂದು ಮೂರು ಸಾಲು ಬರಬಹುದು. 2014ರ ನವೆಂಬರ್ 1ರಂದು 12 ನಗರಗಳ ಹೆಸರು ಅಧಿಕೃತವಾಗಿ ಬದಲಾದುದರಿಂದ ಹಳೆಯ ಮಾಹಿತಿಯಲ್ಲಿ ಎರಡೂ ರೂಪಗಳು ಸಿಗುವುದು ಸಾಮಾನ್ಯ. ಆದರೆ ನೋಡಲು ಒಂದೇ ಆಗಿರುವ ಕೊನೆಯ ಎರಡು ಸಾಲುಗಳಲ್ಲಿ ಒಂದರ ತುದಿಗೆ ಖಾಲಿ ಜಾಗವೋ ಕಣ್ಣಿಗೆ ಕಾಣದ ಜೋಡಣಾ ಅಕ್ಷರವೋ ಅಂಟಿಕೊಂಡಿರುತ್ತದೆ. ಖಾಲಿ ಜಾಗವನ್ನು ಟ್ರಿಮ್ ಆಜ್ಞೆ ತೆಗೆಯುತ್ತದೆ. ಕಾಣದ ಅಕ್ಷರವನ್ನು ಮಾತ್ರ ಇಡೀ ಕಾಲಂನಿಂದ ಒಮ್ಮೆಲೇ ಅಳಿಸಬೇಡಿ: ‘ರಾಜ್‌ಕುಮಾರ್’ ಎಂಬಲ್ಲಿ ಅದನ್ನು ತೆಗೆದರೆ ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗಿಬಿಡುತ್ತದೆ. ಫ್ಯಾಸೆಟ್ ಪಟ್ಟಿಯಲ್ಲಿ ತಪ್ಪು ರೂಪದ ಪಕ್ಕದ ‘ಎಡಿಟ್’ ಒತ್ತಿ ಸರಿಪಡಿಸಿದರೆ ಅದಿರುವ ಸಾಲುಗಳೆಲ್ಲ ಒಟ್ಟಿಗೆ ಬದಲಾಗುತ್ತವೆ, ತಪ್ಪಾದರೆ ‘ಅನ್‌ಡೂ’ ಪಟ್ಟಿಯಿಂದ ಹಿಂದಿನ ಹೆಜ್ಜೆಗೆ ಮರಳಬಹುದು.

ಇಷ್ಟಾದ ಮೇಲೂ ಕಿಟಕಿ ಮಾಯವಾದರೆ, ಬಿಚ್ಚಿದ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಅಲ್ಲಿಂದ ‘ರಿಫೈನ್’ ಬ್ಯಾಚ್ ಕಡತವನ್ನು ಓಡಿಸಿ. ಆಗ ದೋಷದ ಸಂದೇಶ ಪರದೆಯಲ್ಲಿ ಉಳಿಯುತ್ತದೆ; ಅದನ್ನು ಯಥಾವತ್ತಾಗಿ ಬರೆದು ತಿಳಿಸಿ, ಮುಂದಿನದನ್ನು ನೋಡೋಣ.